ಕೀರ್ತನೆಗಳನ್ನು ಸಾಲು ತಪ್ಪದೆ ಪ್ರಾರ್ಥಿಸುವುದು

ಪ್ರಾರ್ಥನೆಯ ವಿಷಯದಲ್ಲಿ ನಮ್ಮ ಸಭೆಗಳಲ್ಲಿ ಹೆಚ್ಚಾಗಿ ಕೇಳಿಬರುವ ದೂರು ಒಂದೇ. ಕೂತರೆ ಮಾತು ಬರುವುದಿಲ್ಲ, ಬಂದರೂ ನಿನ್ನೆ ಹೇಳಿದ್ದೇ ಬರುತ್ತದೆ. "ತಂದೆಯೇ, ಈ ದಿನಕ್ಕಾಗಿ ಸ್ತೋತ್ರ, ಮಕ್ಕಳನ್ನು ಆಶೀರ್ವದಿಸು, ಪ್ರಯಾಣದಲ್ಲಿ ಕಾಪಾಡು, ಆಮೆನ್." ಎರಡು ನಿಮಿಷದಲ್ಲಿ ಮುಗಿಯಿತು. ಆಮೇಲೆ ಮನಸ್ಸಿಗೆ ಒಂದು ಅಳುಕು: ದೇವರ ಹತ್ತಿರ ಹೋಗಬೇಕೆಂದರೆ ಇಷ್ಟು ಸಾಕೇ? ಪಕ್ಕದ ಮನೆಯವರು ಅರ್ಧ ಗಂಟೆ ನಿರರ್ಗಳವಾಗಿ ಪ್ರಾರ್ಥಿಸುತ್ತಾರಲ್ಲ, ನಮಗೇಕೆ ಆಗುವುದಿಲ್ಲ?

ಇದಕ್ಕೆ ಉತ್ತರ ಇನ್ನಷ್ಟು ಹೊಸ ಮಾತು ಹುಡುಕುವುದಲ್ಲ. ಸತ್ಯವೇದದ (ಬೈಬಲಿನ) ಕೀರ್ತನೆಗಳ ಪುಸ್ತಕದಲ್ಲಿ, ಅಲ್ಲಿನ 150 ಹಾಡುಗಳಲ್ಲಿ, ಕೊಟ್ಟಿರುವ ಮಾತನ್ನು ತೆಗೆದುಕೊಳ್ಳುವುದು. ಯೇಸು ಸ್ವಾಮಿ ಮಾಡಿದ್ದೂ ಅದನ್ನೇ. ಶಿಲುಬೆಯ ಮೇಲೆ "ನನ್ನ ದೇವರೇ, ನನ್ನ ದೇವರೇ" ಎಂದು ಕೂಗಿದ್ದು 22ನೇ ಕೀರ್ತನೆಯ ಮೊದಲ ವಚನ. ಕೊನೆಯುಸಿರಿನಲ್ಲಿ ತನ್ನ ಆತ್ಮವನ್ನು ತಂದೆಯ ಕೈಗೆ ಒಪ್ಪಿಸಿದ್ದು 31ನೇ ಕೀರ್ತನೆಯ 5ನೇ ವಚನದ ಮಾತಿನಲ್ಲಿ. ಅದರ ಹಿಂದಿನ ರಾತ್ರಿ, ಭೋಜನ ಮುಗಿದು ಎಣ್ಣೇಮರಗಳ ಗುಡ್ಡಕ್ಕೆ ಹೊರಡುವ ಮೊದಲು ಶಿಷ್ಯರೊಂದಿಗೆ ಕೀರ್ತನೆ ಹಾಡಿದ್ದನ್ನು ಮತ್ತಾಯ 26:30 ಹೇಳುತ್ತದೆ. ಈಜಿಪ್ಟಿನಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬದ ರಾತ್ರಿ ಯೆಹೂದ್ಯರು 113ರಿಂದ 118ರ ವರೆಗಿನ ಕೀರ್ತನೆಗಳನ್ನು ಹಾಡುವುದು ರೂಢಿ. ದೇವಕುಮಾರನೇ ಸಾಯುವ ಹೊತ್ತಿನಲ್ಲಿ ಬಾಯಿಪಾಠದ ಪ್ರಾರ್ಥನೆಯನ್ನು ಆಡಿದ್ದಾನೆ ಎಂದ ಮೇಲೆ, ಬಾಯಿಪಾಠ ಎಂದರೆ ಹೃದಯವಿಲ್ಲದ್ದು ಎಂದು ಮೂಗು ಮುರಿಯುವವರು ಸ್ವಲ್ಪ ತಡೆದು ಯೋಚಿಸಬೇಕು.

ಹಾಗಾದರೆ ಯಾವ ಕೀರ್ತನೆ? ನಮ್ಮ ಉತ್ತರ: ಎಲ್ಲವೂ, 1ರಿಂದ 150ರ ವರೆಗೆ, ಸಾಲಾಗಿ. ಇಷ್ಟವಾದದ್ದನ್ನು ಆರಿಸಿಕೊಳ್ಳುವುದು ಬೇಡ. ಈ ಮಾತಿಗೆ ಹಲವರು ಒಪ್ಪುವುದಿಲ್ಲ, ಗೊತ್ತಿದೆ. ನಮ್ಮ ಮನೆಗಳಲ್ಲಿ ಓಡಾಡುವ ಕೀರ್ತನೆಗಳು ಹೆಚ್ಚೆಂದರೆ ಹತ್ತು: 23, 27, 34, 91, 103, 121, ಪಶ್ಚಾತ್ತಾಪಕ್ಕೆ 51. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಹೊಸ ವರ್ಷಕ್ಕೆ ಎತ್ತಿಕೊಳ್ಳುವ ವಾಗ್ದಾನದ ಕಾರ್ಡ್‌ಗಳನ್ನು ನೋಡಿ. ಸಮೃದ್ಧಿ, ಕಾಪು, ಜಯ. ಆಪ್ತರೆಲ್ಲ ದೂರವಾದರು, ಇನ್ನು ಕತ್ತಲೆಯೇ ಜೊತೆ ಎನ್ನುವ 88ನೇ ಕೀರ್ತನೆಯ ಕೊನೆಯ ವಚನವನ್ನು ಯಾರೂ ಕಾರ್ಡ್‌ನಲ್ಲಿ ಅಚ್ಚು ಹಾಕಿಸುವುದಿಲ್ಲ. ಆದರೆ ಅದೂ ದೇವರ ವಾಕ್ಯವೇ, ದೇವರಿಗೆ ಹೇಳಲೆಂದೇ ಕೊಟ್ಟದ್ದು. ನಮಗೆ ಹಿಡಿಸಿದ್ದನ್ನಷ್ಟೇ ಹೇಳುತ್ತಿದ್ದರೆ ದೇವರೆದುರು ನಮ್ಮ ಒಂದು ಮುಖವಷ್ಟೇ ನಿಲ್ಲುತ್ತದೆ. ಕೋಪ, ಹೊಟ್ಟೆಕಿಚ್ಚು, ಭಯ, "ನೀನು ನನ್ನನ್ನು ಮರೆತೆ" ಎಂಬ ದೂರು, ಇವೆಲ್ಲ ಬಾಗಿಲ ಹೊರಗೇ ಉಳಿಯುತ್ತವೆ. ದೇವರಿಂದ ದೂರ ಎನ್ನಿಸುವುದಕ್ಕೆ ಇದು ದೊಡ್ಡ ಕಾರಣ.

ಸಾಲಾಗಿ ಹೋಗುವುದರಲ್ಲಿ ಇನ್ನೊಂದು ಲಾಭವಿದೆ. 23ನೇ ಕೀರ್ತನೆಗೆ ಬರಬೇಕಾದರೆ 22ನ್ನು ದಾಟಿಯೇ ಬರಬೇಕು. ಕೈಬಿಡಲ್ಪಟ್ಟವನ ಕೂಗು ಮುಗಿದ ಕೂಡಲೇ ಕುರುಬನ ಹಾಡು. ಸಾವಿನ ನೆರಳಿನ ಕಣಿವೆ ಎಂದರೆ ಏನೆಂದು ಆಗ ತಿಳಿಯುತ್ತದೆ. ಗೋಡೆಯ ಮೇಲಿನ ಕ್ಯಾಲೆಂಡರ್‌ನಲ್ಲಿ ಒಂಟಿಯಾಗಿ ನೇತಾಡುವ 23ನೇ ಕೀರ್ತನೆಗೆ ಆ ತೂಕ ಬರುವುದಿಲ್ಲ.

ಈಗ ಅಳತೆಯ ಮಾತು. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠದ ನಿಯಮದಲ್ಲಿ 150ನ್ನೂ ಒಂದು ವಾರದಲ್ಲಿ ಮುಗಿಸಬೇಕೆಂದು ಬರೆದ. ನಮ್ಮ ಹಿರಿಯರು ಒಂದೇ ದಿನದಲ್ಲಿ ಮಾಡುತ್ತಿದ್ದುದನ್ನು ನಾವು ವಾರದಲ್ಲಾದರೂ ಮಾಡೋಣ ಎಂದು ಅವನೇ ಕುಟುಕಿಯೂ ಇದ್ದಾನೆ. 1549ರಲ್ಲಿ ಇಂಗ್ಲೆಂಡಿನ ಆರ್ಚ್‌ಬಿಷಪ್ ಕ್ರ್ಯಾನ್ಮರ್ ಸಿದ್ಧಪಡಿಸಿದ ಪ್ರಾರ್ಥನಾ ಪುಸ್ತಕ ಅದನ್ನು ಒಂದು ತಿಂಗಳಿಗೆ ಹಂಚಿತು. 1960ರ ದಶಕದಲ್ಲಿ ಬಿಷಪರು ಸೇರಿದ ಎರಡನೇ ವ್ಯಾಟಿಕನ್ ಸಭೆಯ ನಂತರ ಕಥೋಲಿಕ ಸಭೆಯ ದೈನಂದಿನ ಪ್ರಾರ್ಥನೆ ನಾಲ್ಕು ವಾರಗಳ ಸುತ್ತಾಯಿತು. ಅಂದರೆ ಮಠದಿಂದ ಊರಿಗೆ ಬಂದಂತೆಲ್ಲ ಅಳತೆ ಸಡಿಲವಾಗಿದೆ. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ತಿಂಗಳ ಹಂಚಿಕೆ ಆಂಗ್ಲಿಕನ್ ಸಭೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ, ತುಂಬ ಅಚ್ಚುಕಟ್ಟಾದದ್ದು. 1ನೇ ತಾರೀಖು ಬೆಳಿಗ್ಗೆ 1ರಿಂದ 5, ಸಂಜೆ 6ರಿಂದ 8. 4ನೇ ತಾರೀಖು ಸಂಜೆ 22 ಮತ್ತು 23 ಒಟ್ಟಿಗೆ. 15ರ ಸಂಜೆ 72 ವಚನಗಳ 78ನೇ ಕೀರ್ತನೆ ಒಂದೇ. 24ರ ಸಂಜೆ 119 ಶುರುವಾಗಿ 26ರ ಸಂಜೆಗೆ ಮುಗಿಯುತ್ತದೆ. 30ರ ಸಂಜೆ 147ರಿಂದ 150. 31 ದಿನದ ತಿಂಗಳಾದರೆ ಕೊನೆಯ ದಿನ 30ರದ್ದನ್ನೇ ಮತ್ತೆ ಓದುವುದು. ಇದಕ್ಕೆ ಬೆಳಿಗ್ಗೆ ಹತ್ತು ಹದಿನೈದು ನಿಮಿಷ, ಸಂಜೆ ಅಷ್ಟೇ ಬೇಕು. ನಿವೃತ್ತರಿಗೆ, ಒಂಟಿಯಾಗಿರುವವರಿಗೆ, ದಿನಕ್ಕೊಂದು ಕ್ರಮ ಆಗಲೇ ಇರುವವರಿಗೆ ಸರಿ.

ಬೆಳಿಗ್ಗೆ ಆರಕ್ಕೆ ಎದ್ದು ಮಕ್ಕಳ ಟಿಫಿನ್ ಡಬ್ಬಿ ಕಟ್ಟಿ ಬಸ್ ಹಿಡಿಯುವವರಿಗೆ ಇದು ಆಗದ ಮಾತು. ಅವರಿಗೆ ದಿನಕ್ಕೆ ಒಂದೇ ಕೀರ್ತನೆ. 119ನೆಯದಕ್ಕೆ ಮಾತ್ರ ಬೇರೆ ಲೆಕ್ಕ. ಅದರಲ್ಲಿ 176 ವಚನ. ಎಂಟೆಂಟು ವಚನಗಳ 22 ಕಟ್ಟುಗಳಾಗಿ, ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿ ಹೆಣೆದದ್ದು. ದಿನಕ್ಕೆ ಒಂದು ಕಟ್ಟು ಸಾಕು. ಆಗ 149ಕ್ಕೆ 22 ಕೂಡಿ 171 ದಿನ. ವರ್ಷಕ್ಕೆ ಎರಡು ಸುತ್ತು ಆಗಿ ಇನ್ನೂ 23 ದಿನ ಉಳಿಯುತ್ತವೆ. ಜ್ವರ, ಮದುವೆ ಮನೆ, ರಾತ್ರಿ ರೈಲು, ಇವಕ್ಕೆಲ್ಲ ಆ 23. ಹೊಸದಾಗಿ ಆರಂಭಿಸುವವರಿಗೆ ನಾವು ಹೇಳುವುದು ಇದನ್ನೇ. ತಿಂಗಳ ಹಂಚಿಕೆಯನ್ನು ಉತ್ಸಾಹದಿಂದ ಹಿಡಿದವರಲ್ಲಿ ಬಹುಪಾಲು ಜನ ಎರಡನೇ ವಾರದಲ್ಲಿ ಬಿಡುತ್ತಾರೆ.

ಓದುವ ಬಗೆಗೆ ಬರೋಣ. ಒಂದು ಜಾಗ, ಒಂದು ಹೊತ್ತು, ಕಾಗದದ ಸತ್ಯವೇದ, ಅದರೊಳಗೆ ಒಂದು ದಾರ. ಫೋನಿನಲ್ಲಿ ಓದಬಾರದು ಎಂದೇನಿಲ್ಲ. ಆದರೆ ಕೀರ್ತನೆ ಅರ್ಧಕ್ಕೆ ಬಂದಾಗ ಮೇಲಿನಿಂದ ಮೆಸೇಜು ಇಳಿದರೆ ಅಲ್ಲಿಗೆ ಮುಗಿಯಿತು. ಫೋನೇ ಗತಿ ಎಂದಾದರೆ ಏರೋಪ್ಲೇನ್ ಮೋಡ್ ಹಾಕಿಕೊಳ್ಳಿ.

ಕೂತ ಮೇಲೆ ಒಂದು ನಿಮಿಷ ಸುಮ್ಮನಿರಿ. ಆಮೇಲೆ ಬಾಯಿಬಿಟ್ಟು ಓದಿ, ಮನೆಯವರು ಮಲಗಿದ್ದರೆ ಪಿಸುದನಿಯಲ್ಲಾದರೂ. ಕಣ್ಣಿನಲ್ಲೇ ಓದಿದರೆ ಪತ್ರಿಕೆ ಓದುವ ವೇಗ ತಾನಾಗಿ ಬಂದುಬಿಡುತ್ತದೆ, ಮುಂದಿನ ಸಾಲನ್ನು ಮನಸ್ಸು ಊಹಿಸಿ ಹಾರುತ್ತದೆ. ಕೀರ್ತನೆಯ ವಚನ ಸಾಮಾನ್ಯವಾಗಿ ಎರಡು ತುಂಡಾಗಿರುತ್ತದೆ: ಮೊದಲರ್ಧ ಒಂದು ಮಾತು ಹೇಳಿದರೆ ಎರಡನೆಯದು ಅದನ್ನೇ ತಿರುಗಿಸಿ, ಬಿಗಿದು, ಇಲ್ಲವೇ ಎದುರಿಟ್ಟು ಹೇಳುತ್ತದೆ. ಮಠಗಳಲ್ಲಿ ಹಾಡುವವರು ಈ ಎರಡರ ನಡುವೆ ಒಂದು ಉಸಿರಿನಷ್ಟು ನಿಲ್ಲುತ್ತಾರೆ. ನೀವೂ ನಿಲ್ಲಿ. ವೇಗಕ್ಕೆ ಇದಕ್ಕಿಂತ ಒಳ್ಳೆಯ ಕಡಿವಾಣವಿಲ್ಲ. ಹನ್ನೆರಡು ವಚನದ ಕೀರ್ತನೆ ಹೀಗೆ ಓದಿದರೆ ಎರಡು ನಿಮಿಷವಾದರೂ ಹಿಡಿಯಬೇಕು. ಒಂದೇ ನಿಮಿಷದಲ್ಲಿ ಮುಗಿಯಿತೆಂದರೆ ನೀವು ಓಡಿದ್ದೀರಿ.

ಮೊದಲ ಸಲ ನಿಲ್ಲಿಸದೆ ಕೊನೆಯವರೆಗೆ. ಎರಡನೇ ಸಲ ನಿಧಾನವಾಗಿ, ಎಲ್ಲಿ ಮನಸ್ಸು ತಗಲಿಕೊಂಡಿತೋ ಅಲ್ಲಿ ನಿಲ್ಲಿ. ತಗಲಿಕೊಳ್ಳುವುದೆಂದರೆ ಹಿತವಾಗುವುದೇ ಆಗಬೇಕೆಂದಿಲ್ಲ. ಸಿಟ್ಟು ಬಂದರೂ, ಅರ್ಥವಾಗದೆ ಉಳಿದರೂ ಅದೇ ನಿಮ್ಮ ವಚನ. ಅದನ್ನು ಇಟ್ಟುಕೊಂಡು ನಿಮ್ಮ ಸ್ವಂತ ಮಾತಿನಲ್ಲಿ ದೇವರೊಂದಿಗೆ ನಾಲ್ಕು ವಾಕ್ಯ ಮಾತನಾಡಿ. ಕೊನೆಗೆ ಸ್ವಲ್ಪ ಮೌನ. ಈಜಿಪ್ಟಿನ ಮರಳುಗಾಡಿನ ಸನ್ಯಾಸಿಗಳು ಪ್ರತಿ ಕೀರ್ತನೆಯ ನಂತರ ಹೀಗೆ ಮೌನವಾಗಿ ಪ್ರಾರ್ಥಿಸುತ್ತಿದ್ದರೆಂದು 5ನೇ ಶತಮಾನದಲ್ಲಿ ಜಾನ್ ಕ್ಯಾಸಿಯನ್ ಎಂಬ ಸನ್ಯಾಸಿ ದಾಖಲಿಸಿದ್ದಾನೆ. ದಿನವಿಡೀ ನಾಲಿಗೆಯ ಮೇಲಿಟ್ಟುಕೊಳ್ಳಲು ಅವನು ಹೇಳಿಕೊಟ್ಟದ್ದು 70ನೇ ಕೀರ್ತನೆಯ ಮೊದಲ ವಚನವನ್ನು: ದೇವರೇ, ನನ್ನನ್ನು ರಕ್ಷಿಸಲು, ಸಹಾಯಮಾಡಲು ಬೇಗ ಬಾ ಎಂಬ ಮೊರೆ. ಸಿಗ್ನಲ್‌ನಲ್ಲಿ ನಿಂತಾಗ, ಬ್ಯಾಂಕಿನ ಸಾಲಿನಲ್ಲಿ, ಮೇಲಧಿಕಾರಿಯ ಕೋಣೆಯ ಬಾಗಿಲಲ್ಲಿ ಹೇಳಿಕೊಳ್ಳುವಷ್ಟು ಚಿಕ್ಕದು.

ಕೀರ್ತನೆಯ ಮೇಲಿರುವ ಬರಹದ ಬಗ್ಗೆ ಒಂದು ಸೂಚನೆ. ದಾವೀದನು ತನ್ನ ಮಗ ಅಬ್ಷಾಲೋಮನಿಂದ ಓಡಿಹೋದಾಗ ಎಂದು 3ನೇ ಕೀರ್ತನೆಗೆ ಇರುವ ತಲೆಬರಹ ಮೂಲದಲ್ಲೇ ಇರುವಂಥದ್ದು, ಅದನ್ನೂ ಓದಿ. ಅದರ ಮೇಲೆ ದಪ್ಪಕ್ಷರದಲ್ಲಿ ಸಾರಾಂಶದಂತೆ ಇರುವುದು ಪ್ರಕಾಶಕರು ಸೇರಿಸಿದ್ದು. ಅದನ್ನು ಬಿಟ್ಟುಬಿಡಿ, ಏಕೆಂದರೆ ಕೀರ್ತನೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅದು ಮೊದಲೇ ಹೇಳಿಬಿಡುತ್ತದೆ. ಪ್ರಲಾಪದ ಕೀರ್ತನೆಗಳಲ್ಲಿ ಇದರಿಂದ ನಷ್ಟ ಹೆಚ್ಚು.

ಪ್ರಲಾಪ ಎಂದೆ. ಅದರ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. 150ರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಕೀರ್ತನೆಗಳು ದೂರು, ಅಳಲು. ಇದರ ಕಟ್ಟು ಕಲಿಯಲು 13ನೇ ಕೀರ್ತನೆ ಸಾಕು. ಬರೀ ಆರು ವಚನ. ಮೊದಲೆರಡು ವಚನಗಳಲ್ಲಿ "ಎಷ್ಟು ಕಾಲ" ಎಂಬ ಪ್ರಶ್ನೆ ನಾಲ್ಕು ಸಲ. ಎಷ್ಟು ಕಾಲ ಮರೆತಿರುವೆ, ಎಷ್ಟು ಕಾಲ ಮುಖ ಮರೆಮಾಡುವೆ, ಎಷ್ಟು ಕಾಲ ನನ್ನೊಳಗೇ ಚಿಂತಿಸುತ್ತ ಕೂರಲಿ, ಎಷ್ಟು ಕಾಲ ವೈರಿಯದೇ ಮೇಲುಗೈ. ಗಮನಿಸಿ, ಮೊದಲೆರಡು ದೇವರ ಮೇಲಿನ ದೂರು, ಮೂರನೆಯದು ತನ್ನ ಒಳಗಿನದು, ನಾಲ್ಕನೆಯದು ಹೊರಗಿನವನದು. ನಾವು ಸಾಮಾನ್ಯವಾಗಿ ನಾಲ್ಕನೆಯದನ್ನು ಮಾತ್ರ ಹೇಳುತ್ತೇವೆ. ದೇವರನ್ನೇ ಕೇಳುವ ಧೈರ್ಯ ಬರುವುದಿಲ್ಲ.

3 ಮತ್ತು 4ನೇ ವಚನ ಬೇಡಿಕೆ. ಮೊದಲು ಬರೀ "ಯೆಹೋವನೇ" ಎಂದಿದ್ದವನು ಇಲ್ಲಿ "ನನ್ನ ದೇವರೇ" ಎಂದು ಸೇರಿಸುತ್ತಾನೆ. ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು. ಇಲ್ಲದಿದ್ದರೆ ಏನಾಗುತ್ತದೆಂದೂ ಹೇಳುತ್ತಾನೆ: ನಾನು ಸಾಯುವೆ, ವೈರಿ ನಗುವನು. ದೇವರಿಗೆ ಕಾರಣ ಕೊಟ್ಟು ವಾದ ಮಾಡುವುದು ಅವಿಶ್ವಾಸವಲ್ಲ ಎಂಬುದಕ್ಕೆ ಇದೇ ಸಾಕ್ಷಿ. 5ಕ್ಕೆ ಬರುವಾಗ "ನಾನಾದರೋ" ಎಂದು ತಿರುವು. ನಿನ್ನ ಕೃಪೆಯನ್ನು ನಂಬಿದ್ದೇನೆ. 6ರಲ್ಲಿ ಹಾಡು. ನಡುವೆ ಏನಾಯಿತು, ಸಂಕಟ ಕಳೆಯಿತೇ ಎಂದರೆ ಕೀರ್ತನೆ ಹೇಳುವುದಿಲ್ಲ. ವೈರಿ ಇನ್ನೂ ಅಲ್ಲೇ ಇದ್ದಾನೆ.

ಈ ಕಟ್ಟನ್ನು ನಿಮ್ಮ ವಿಷಯಕ್ಕೆ ತೊಡಿಸಬಹುದು. ಬಯಾಪ್ಸಿಯ ರಿಪೋರ್ಟು ಬರಬೇಕಿದೆ, ಮಗನಿಗೆ ಕೆಲಸ ಸಿಕ್ಕಿಲ್ಲ, ಮಗಳ ಮನೆಯಲ್ಲಿ ನೆಮ್ಮದಿಯಿಲ್ಲ. ಒಂದು ಹಾಳೆಯಲ್ಲಿ ಎರಡು ವಾಕ್ಯ ದೂರು, ಎರಡು ವಾಕ್ಯ ಬೇಡಿಕೆ, ಒಂದು ಕಾರಣ, ಒಂದು ನಂಬಿಕೆಯ ಮಾತು. ಆರು ಸಾಲು. ಇದರಲ್ಲಿ ಆಗುವ ತಪ್ಪು ಸದಾ ಒಂದೇ ಕಡೆ: ದೂರಿನ ಭಾಗವನ್ನು ಅರ್ಧ ಸಾಲಿನಲ್ಲಿ ಮುಗಿಸಿ ಕೊನೆಯ ಸಾಲಿಗೆ ಹಾರುವುದು. ಹಾಗೆ ಹಾರಿದವರ ನಂಬಿಕೆಯ ಮಾತು ಟೊಳ್ಳಾಗಿ ಕೇಳುತ್ತದೆ, ಮೊದಲು ಅವರಿಗೇ. ಆ ದಿನ ನಂಬಿಕೆಯ ಸಾಲು ಬರಲೇ ಇಲ್ಲವೆಂದರೆ ಬಿಡಿ. 88ನೇ ಕೀರ್ತನೆಯಲ್ಲೂ ತಿರುವು ಇಲ್ಲ; ಅದು ಕತ್ತಲೆಯಲ್ಲೇ ನಿಲ್ಲುತ್ತದೆ. ಅದನ್ನು ಓದಿದ ದಿನ ಸಮಾಧಾನಕ್ಕೆಂದು 23ನ್ನು ಅಂಟಿಸಬೇಡಿ. ನಾಳೆ 89 ಬರುತ್ತದೆ, ಅದು ಕೃಪೆಯನ್ನು ಹಾಡುತ್ತ ಶುರುವಾಗುತ್ತದೆ.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ಸಾಯಬೇಕೆಂಬ ಯೋಚನೆ ಮತ್ತೆ ಮತ್ತೆ ಬರುತ್ತಿರುವವರಿಗೆ 88ನ್ನು ಕೊಟ್ಟು ಒಂಟಿಯಾಗಿ ಬಿಡುವುದು ಸರಿಯಲ್ಲ. ಅವರ ಜೊತೆ ಒಬ್ಬರು ಇರಬೇಕು, ವೈದ್ಯರ ಬಳಿ ಕರೆದೊಯ್ಯಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೂ ಮಾತನಾಡಬಹುದು, ಖರ್ಚಿಲ್ಲ. ಔಷಧಿ ತೆಗೆದುಕೊಂಡರೆ ವಿಶ್ವಾಸ ಕಡಿಮೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ.

ಸಾಲಾಗಿ ಹೋಗುವವರಿಗೆ ಬೇಗ ಎದುರಾಗುವ ಪೇಚು ಎಂದರೆ ದಿನಕ್ಕೂ ಕೀರ್ತನೆಗೂ ಹೊಂದಾಣಿಕೆಯಾಗದಿರುವುದು. ಮೊಮ್ಮಗು ಹುಟ್ಟಿದ ದಿನ 102 ಬರುತ್ತದೆ: ನನ್ನ ದಿನಗಳು ಹೊಗೆಯಂತೆ ಹೋದವು. ತಂದೆಯನ್ನು ಮಣ್ಣು ಮಾಡಿ ಬಂದ ಸಂಜೆ 98: ಹೊಸ ಹಾಡು ಹಾಡಿರಿ. ಆಗ ಇದು ಯಾರ ದನಿ ಎಂದು ಕೇಳಿಕೊಳ್ಳಿ. ನನ್ನದಲ್ಲದಿದ್ದರೆ ಇನ್ಯಾರದೋ. ಆಸ್ಪತ್ರೆಯ ವಾರ್ಡಿನಲ್ಲಿ ಇವತ್ತು ರಾತ್ರಿ 102ನ್ನು ಹೇಳಬೇಕಾದವರು ಎಷ್ಟೋ ಮಂದಿ, ಅವರಿಗೆ ಓದುವ ಶಕ್ತಿ ಇರುವುದಿಲ್ಲ. ಅವರ ಪರವಾಗಿ ನೀವು ಓದಿ, ಗೊತ್ತಿರುವ ಒಬ್ಬರ ಹೆಸರನ್ನಾದರೂ ಹಿಡಿದು. ದುಃಖದ ದಿನ ಸ್ತುತಿ ಬಂದರೆ ನಿಮಗಾಗಿ ಸಭೆ ಹಾಡುತ್ತಿದೆ ಎಂದುಕೊಂಡು ತುಟಿ ಅಲ್ಲಾಡಿಸಿದರೆ ಸಾಕು. ಹಿಪ್ಪೋದ ಬಿಷಪ್ ಸಂತ ಅಗಸ್ಟೀನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೀರ್ತನೆಗಳಲ್ಲಿ ಮಾತನಾಡುವವನು ಕ್ರಿಸ್ತನೇ, ಒಮ್ಮೆ ಶಿರಸ್ಸಾಗಿ, ಒಮ್ಮೆ ತನ್ನ ದೇಹವಾದ ಸಭೆಯಾಗಿ ಎಂದು ಕಲಿಸಿದ. ಈ ಒಂದು ಕೀಲಿಯಿಂದ ತೆರೆಯುವ ಕೀರ್ತನೆಗಳು ಬಹಳ.

ಎಲ್ಲಕ್ಕಿಂತ ಕಷ್ಟದವು ಶಾಪದ ಕೀರ್ತನೆಗಳು. 58, 69, 109, 137ರ ಕೊನೆ. ವೈರಿಯ ಹಲ್ಲು ಮುರಿ, ಅವನ ಮಕ್ಕಳು ಭಿಕ್ಷೆ ಬೇಡಲಿ, ಬಾಬೆಲಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯನು. ಇದನ್ನು ಓದಿ ಬೆಚ್ಚಿಬೀಳದವರ ಬಗ್ಗೆಯೇ ನಮಗೆ ಚಿಂತೆ. 1971ರ ಕಥೋಲಿಕ ದೈನಂದಿನ ಪ್ರಾರ್ಥನೆ 58, 83, 109ನ್ನು ಪೂರ್ತಿ ಕೈಬಿಟ್ಟಿತು. 137ರ ಕೊನೆಯಂಥ ಕೆಲವು ವಚನಗಳನ್ನೂ. ಕಾರಣ ಅರ್ಥವಾಗುತ್ತದೆ. ಆದರೂ ಒಬ್ಬರೇ ಇರುವಾಗ ಇವನ್ನು ಬಿಡಬೇಡಿ ಎಂಬುದು ನಮ್ಮ ಅಭಿಪ್ರಾಯ. ಶಪಿಸುವವನು ಕತ್ತಿ ಹಿಡಿದು ಹೊರಟಿಲ್ಲ, ಸೇಡನ್ನು ದೇವರ ಕೈಗೆ ಒಪ್ಪಿಸುತ್ತಿದ್ದಾನೆ. ರೋಮಾಪುರದವರಿಗೆ ಪೌಲನು 12:19ರಲ್ಲಿ ಬರೆದದ್ದೂ ಅದನ್ನೇ. ಊರು ಸುಟ್ಟು, ಕಣ್ಣೆದುರೇ ಮಕ್ಕಳನ್ನು ಕಳೆದುಕೊಂಡವರ ಬಾಯಿಂದ ಬಂದ ಮಾತನ್ನು ಅನ್ಯಾಯಕ್ಕೊಳಗಾದವರ ಪರವಾಗಿ ಹೇಳಬಹುದು. ಬೆನೆಡಿಕ್ಟ್ ಆ ಬಂಡೆ ಕ್ರಿಸ್ತನೆಂದೂ, ಕೂಸುಗಳು ನಮ್ಮೊಳಗೆ ಆಗತಾನೆ ಹುಟ್ಟಿದ ಕೆಟ್ಟ ಯೋಚನೆಗಳೆಂದೂ ತಿಳಿದು, ಅವು ಬೆಳೆಯುವ ಮೊದಲೇ ಅಪ್ಪಳಿಸಿ ಎಂದ. ಜಾಣ ಓದು, ಆದರೆ ಅದೊಂದನ್ನೇ ಹಿಡಿದರೆ ಆ ತಾಯಂದಿರ ಅಳು ಮರೆತುಹೋಗುತ್ತದೆ.

ಮಾಡಬಾರದ್ದೂ ಇದೆ. ಬದುವಿನ ಜಗಳ, ಆಸ್ತಿ ಪಾಲಿನ ವ್ಯಾಜ್ಯ, ಸಭೆಯ ಚುನಾವಣೆ, ಇವುಗಳಲ್ಲಿ ಎದುರಾಳಿಯ ಹೆಸರು ಹಿಡಿದು 109ನ್ನು ನಲವತ್ತು ದಿನ ಓದುವ ಚಾಳಿ. ಅದು ಪ್ರಾರ್ಥನೆಯಲ್ಲ, ಮಾಟ. ಯಾರ ಮೇಲಾದರೂ ಈ ಕೀರ್ತನೆಯನ್ನು ಪ್ರಯೋಗಿಸಬೇಕು ಎನ್ನಿಸಿದ ದಿನ, ಅದರ ಬಾಣ ನನ್ನತ್ತಲೂ ತಿರುಗಬಹುದೇ, ನನ್ನಿಂದ ನೊಂದವರು ಯಾರಾದರೂ ಇದನ್ನು ಓದುತ್ತಿದ್ದಾರೆಯೇ ಎಂದು ಮೊದಲು ಕೇಳಿಕೊಳ್ಳಬೇಕು.

ಉಳಿದ ತಪ್ಪುಗಳು ಚಿಕ್ಕವು. ಬಿಟ್ಟುಹೋದ ದಿನಗಳನ್ನು ಭಾನುವಾರ ಕೂತು ಒಟ್ಟಿಗೆ ತೀರಿಸಲು ಹೋಗಬೇಡಿ. ತಿಂಗಳ ಹಂಚಿಕೆಯಲ್ಲಿದ್ದರೆ ಇವತ್ತಿನ ತಾರೀಖಿನದ್ದನ್ನು ಓದಿ, ತಪ್ಪಿದ್ದು ಮುಂದಿನ ತಿಂಗಳು ಬರುತ್ತದೆ. ದಿನಕ್ಕೊಂದರ ಕ್ರಮದಲ್ಲಿದ್ದರೆ ದಾರ ಇರುವ ಕಡೆಯಿಂದ ಮುಂದುವರಿಯಿರಿ. ಎಷ್ಟು ಸುತ್ತು ಆಯಿತೆಂದು ಲೆಕ್ಕ ಇಟ್ಟು ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಪ್ರಸಂಗ ಮಾಡುವವರು ಓದುತ್ತಲೇ ಪಾಯಿಂಟು ಗುರುತು ಹಾಕಿಕೊಳ್ಳುವುದನ್ನೂ ಬಿಡಬೇಕು, ಆ ಕೆಲಸಕ್ಕೆ ಬೇರೆ ಹೊತ್ತಿದೆ. ಏನೂ ಅನ್ನಿಸದ ದಿನಗಳು ಬರುತ್ತವೆ, ಕೆಲವೊಮ್ಮೆ ವಾರಗಟ್ಟಲೆ. ಅನ್ನಿಸಲಿಲ್ಲವೆಂದು ಕ್ರಮ ಬದಲಿಸಬೇಡಿ. ಅನ್ನಿಸಿಕೆಯನ್ನು ಹುಡುಕಿ ಇಷ್ಟದ ಕೀರ್ತನೆಗೆ ಮರಳಿದರೆ ಮತ್ತೆ ಆ ಹತ್ತರಲ್ಲೇ ಉಳಿಯುತ್ತೀರಿ.

ಕುಟುಂಬ ಪ್ರಾರ್ಥನೆಯಲ್ಲಿ ಹೇಗೆ? ಮಕ್ಕಳಿದ್ದರೆ ಚಿಕ್ಕವನ್ನು ಆರಿಸಿ, ಒಂದು ವಚನ ದೊಡ್ಡವರು, ಒಂದು ಮಕ್ಕಳು. 136ರಲ್ಲಿ 26 ವಚನಗಳಿಗೂ ಒಂದೇ ಪಲ್ಲವಿ. ಓದು ಬಾರದ ಮಗುವೂ ಮೂರನೇ ವಚನದ ಹೊತ್ತಿಗೆ ಸೇರಿಕೊಳ್ಳುತ್ತದೆ. 137ರ ಕೊನೆಯನ್ನು ಮಕ್ಕಳೆದುರು ಓದುವ ಅಗತ್ಯವಿಲ್ಲ. ಬಾಯಿಪಾಠಕ್ಕೆ ಮೊದಲು 117, ಎರಡೇ ವಚನ. ಆಮೇಲೆ 131, 134, ಮೂರು ಮೂರು. ಆಮೇಲೆ 100, 23, 121, 130. ದಿನಕ್ಕೆ ಒಂದು ವಚನ, ಹಿಂದಿನದನ್ನು ಸೇರಿಸಿ ಹೇಳುತ್ತ ಹೋದರೆ ಈ ಏಳೂ 35 ದಿನಗಳಲ್ಲಿ ಬರುತ್ತವೆ. ಕಣ್ಣು ಮಂಜಾಗುವ ವಯಸ್ಸಿನಲ್ಲಿ ಇದರ ಬೆಲೆ ತಿಳಿಯುತ್ತದೆ, ಆದರೆ ಕಲಿಯುವ ವಯಸ್ಸು ಅದಲ್ಲ.

ಕೊನೆಗೆ, ಎಲ್ಲರಿಗೂ ಉಪಯೋಗವಾಗುವಂಥ ಒಂದು ಪ್ರಶ್ನೆ: ಹಳೆಯ ಕಥೋಲಿಕ ಪುಸ್ತಕಗಳಲ್ಲಿ ಕೀರ್ತನೆಯ ಸಂಖ್ಯೆ ಒಂದು ಕಡಿಮೆ ಇರುತ್ತದಲ್ಲ, ಏಕೆ? ಗ್ರೀಕ್ ಅನುವಾದ, ಅದರ ಬೆನ್ನಿಗೆ ಲ್ಯಾಟಿನ್, 9 ಮತ್ತು 10ನ್ನು ಒಂದಾಗಿ ಎಣಿಸಿದವು. ಅಲ್ಲಿಂದ ಮುಂದೆ ಒಂದು ಹಿಂದೆ. 114, 115ನ್ನೂ ಕೂಡಿಸಿ, 116ನ್ನು ಎರಡು ಮಾಡಿ, ಕೊನೆಗೆ 147ನ್ನೂ ಎರಡು ಮಾಡಿದ್ದರಿಂದ 148ಕ್ಕೆ ಬರುವಾಗ ಎರಡೂ ಲೆಕ್ಕ ಸರಿಹೋಗುತ್ತದೆ. ಆದ್ದರಿಂದ ಹಳೆಯ ಪುಸ್ತಕದಲ್ಲಿ 50 ಎಂದಿದ್ದರೆ ನಿಮ್ಮ ಸತ್ಯವೇದದಲ್ಲಿ 51 ನೋಡಿ, 129 ಎಂದಿದ್ದರೆ 130. ಅಜ್ಜಿಯ ಪ್ರಾರ್ಥನಾ ಪುಸ್ತಕ ಮತ್ತು ಹೊಸ ಸತ್ಯವೇದ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದುವ ಮನೆಗಳಲ್ಲಿ, ಹಳೆಯದರ ಅಂಚಿನಲ್ಲಿ ಪೆನ್ಸಿಲಿನಿಂದ ಹೊಸ ಸಂಖ್ಯೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.